ಉಪ್ಪಿನ ಲಕೋಟೆ

"ಒಂದೇ ಒಂದು ಮಾತು ಹೇಳು, ಸಾಕು. ಉಪ್ಪೋ, ಅಲ್ವೋ?"

ಪ್ರಯೋಗಾಲಯದ ಯಜಮಾನರು ಆ ಸೋಮವಾರ ಈ ಮಾತು ಕೇಳಿದ್ದು ಇದು ಮೂರನೆಯ ಸಲ. ಮೊದಲ ಸಲ ಲಿಫ್ಟಿನಲ್ಲಿ ನಗುನಗುತ್ತಾ ಕೇಳಿದ್ದರು. ಎರಡನೆಯ ಸಲ ಕಾಫಿ ಯಂತ್ರದ ಮುಂದೆ, ತಾವೇ ಅವಳ ಲೋಟಕ್ಕೆ ಕಾಫಿ ತುಂಬಿಸಿ ಕೊಟ್ಟು ಕೇಳಿದ್ದರು. ಅವರು ಯಾರಿಗೂ ಕಾಫಿ ತುಂಬಿಸಿ ಕೊಟ್ಟವರಲ್ಲ. ಈಗ ತಮ್ಮ ಕೋಣೆಗೆ ಕರೆಸಿ, ಬಾಗಿಲು ಮುಂದೆ ಮಾಡಿ, ಕುರ್ಚಿಯ ಮೇಲಿದ್ದ ಹಳೆಯ ಪ್ರಬಂಧಗಳ ರಾಶಿಯನ್ನು ನೆಲಕ್ಕಿಳಿಸಿ, ಕೂರಿಸಿ ಕೇಳುತ್ತಿದ್ದರು.

"ಹೇಳಲ್ಲ ಸರ್," ಅಂದಳು.

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು 'ಇನ್ನೊಂದ್ಸಲ' ಎಂದು. ಯಾರು ಯಾವ ಅಳತೆ ತಂದು ತೋರಿಸಿದರೂ "ಇನ್ನೊಂದ್ಸಲ ನೋಡಿ" ಎನ್ನುವುದು ಅವಳ ಚಾಳಿ. ವಯಸ್ಸು ಮೂವತ್ತೇಳು. ಪಿಎಚ್.ಡಿ. ಮುಗಿದು ಒಂಬತ್ತು ವರ್ಷವಾಗಿತ್ತು. ಇದು ಅವಳ ಮೂರನೆಯ ಪೋಸ್ಟ್‌ಡಾಕ್. ಪೋಸ್ಟ್‌ಡಾಕ್ ಎಂದರೆ ವಿದ್ಯಾರ್ಥಿಯೂ ಅಲ್ಲ, ಮೇಷ್ಟರೂ ಅಲ್ಲ. ಮನೆಯ ಕೆಲಸವೆಲ್ಲ ಮಾಡಬೇಕು, ಮನೆ ಮಾತ್ರ ತನ್ನದಲ್ಲ. ಗುತ್ತಿಗೆ ಮುಗಿದಾಗಲೆಲ್ಲ ಮುಂದುವರಿಸಲು ಯಜಮಾನರ ಸಹಿ ಬೇಕು. ಅವಳ ಗುತ್ತಿಗೆ ಇನ್ನು ಹನ್ನೊಂದು ದಿನಕ್ಕೆ ಮುಗಿಯುತ್ತಿತ್ತು. ಸಹಿ ಬೀಳಬೇಕಾದ ಕಾಗದ ಅದೇ ಮೇಜಿನ ಮೇಲೆ, ಪೆನ್ನಿನ ಡಬ್ಬಿಯ ಕೆಳಗೆ ಇತ್ತು. ಅವಳು ಕೂತ ಕಡೆಯಿಂದ ತಲೆಕೆಳಗಾಗಿ ತನ್ನ ಹೆಸರು ಓದಿಕೊಳ್ಳಬಹುದಿತ್ತು.

ಅವರ ಕೆಲಸ ಇಷ್ಟು. ಬೆಟ್ಟದ ಹೊಟ್ಟೆಯೊಳಗೆ, ಹಳೆಯ ಗಣಿಯ ಸುರಂಗದಲ್ಲಿ ಒಂದು ತೊಟ್ಟಿ. ಅದರ ತುಂಬ ಮೈ ಕೊರೆಯುವಷ್ಟು ತಣ್ಣಗಿನ ದ್ರವ. ವಿಶ್ವವನ್ನೆಲ್ಲ ತುಂಬಿಕೊಂಡಿದೆ ಎನ್ನುವ, ಆದರೆ ಇದುವರೆಗೆ ಯಾರ ಕೈಗೂ ಸಿಗದ ಕಾಣದ ಕಣವೊಂದು ಬಂದು ಆ ದ್ರವಕ್ಕೆ ತಾಗಿದರೆ ಒಂದು ಮಿಣುಕು ಬೆಳಕು ಹುಟ್ಟಬೇಕು. ನಾನೂರು ಗಾಜಿನ ಕಣ್ಣುಗಳು ಅದನ್ನೇ ಕಾಯುತ್ತಿರುತ್ತವೆ. ಕಷ್ಟವೇನೆಂದರೆ ಮಿಣುಕಲು ಕಾಣದ ಕಣವೇ ಆಗಬೇಕೆಂದಿಲ್ಲ. ತೊಟ್ಟಿಯ ಗೋಡೆಗೆ ಅಂಟಿದ ಎಳ್ಳಿನಷ್ಟು ವಿಕಿರಣದ ಕೊಳೆಯೂ ಮಿಣುಕುತ್ತದೆ. ಅದಕ್ಕೇ ಗೋಡೆಯಿಂದ ನಾಲ್ಕು ಸೆಂಟಿಮೀಟರ್ ಒಳಗೆ ಒಂದು ಗೆರೆ ಎಳೆದು, ಗೆರೆಯಿಂದ ಹೊರಗೆ ಕಂಡದ್ದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ಆ ಗೆರೆ ಎಳೆಯಬೇಕಾದ್ದು ದತ್ತಾಂಶ ನೋಡುವ ಮೊದಲು. ನೋಡಿದ ಮೇಲೆ ಎಳೆದರೆ ಪುಸ್ತಕದ ಹಿಂಬದಿಯ ಉತ್ತರ ನೋಡಿಕೊಂಡು ಲೆಕ್ಕ ಮಾಡಿದ ಹಾಗೆ.

ಇನ್ನೊಂದು ಪದ್ಧತಿ ಉಪ್ಪು ಹಾಕುವುದು. ಮನುಷ್ಯನಿಗೆ ತನಗೆ ಬೇಕಾದದ್ದೇ ಕಾಣುತ್ತದೆ ಎನ್ನುವುದು ಈ ಜನಕ್ಕೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಯಾರನ್ನು ನಂಬಿದರೂ ತಮ್ಮನ್ನು ತಾವು ನಂಬುವುದಿಲ್ಲ. ಗುಂಪಿನಲ್ಲಿ ಒಬ್ಬರು ಯಾರಿಗೂ ಹೇಳದೆ ನಿಜವಾದ ದತ್ತಾಂಶದೊಳಗೆ ಕೆಲವು ಸುಳ್ಳು ಮಿಣುಕುಗಳನ್ನು ಬೆರೆಸಿಡುತ್ತಾರೆ. ಅದೇ ಉಪ್ಪು. ಎಷ್ಟು ಬೆರೆಸಿದೆ ಎಂದು ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಎಲ್ಲ ಪರೀಕ್ಷೆಗಳೂ ಮುಗಿದು, ಗುಂಪಿನ ಇಪ್ಪತ್ತಮೂರು ಜನರೂ 'ಇನ್ನು ಏನನ್ನೂ ಬದಲಿಸುವುದಿಲ್ಲ' ಎಂದು ಸಹಿ ಹಾಕಿದ ಮೇಲೆಯೇ ಲಕೋಟೆ ಒಡೆಯುವುದು. ಅಲ್ಲಿಯ ತನಕ ಉಪ್ಪು ಕಾಯುವವರು ಲೆಕ್ಕಾಚಾರಕ್ಕೆ ಕೈ ಹಾಕುವಂತಿಲ್ಲ, ಬಾಯಿಯನ್ನಂತೂ ಬಿಡುವಂತೆಯೇ ಇಲ್ಲ. ಈ ಸಲ ಉಪ್ಪು ಕಾಯುವವಳು ಇನ್ನೊಂದ್ಸಲ.

ಒಂದೂವರೆ ವರ್ಷದ ಹಿಂದೆ, ಬಾಗಿಲು ಹಾಕಿಕೊಂಡು, ಅವಳು ಹತ್ತು ಮುಖದ ದಾಳ ಉರುಳಿಸಿದ್ದಳು. ಸೊನ್ನೆಯಿಂದ ಒಂಬತ್ತರವರೆಗೆ ಯಾವುದು ಬಿದ್ದರೆ ಅಷ್ಟು ಉಪ್ಪು. ಬಿದ್ದದ್ದು ಸೊನ್ನೆ. ಚಾಳಿಯಂತೆ ಇನ್ನೊಂದು ಸಲ ಉರುಳಿಸಲು ಕೈ ಹೋಗಿತ್ತು, ತಡೆದುಕೊಂಡಳು. ಸೊನ್ನೆಯೂ ಸಲ್ಲುತ್ತದೆ ಎಂದು ನಿಯಮದಲ್ಲೇ ಇದೆ. ಮುಂದೆ ಬರಲಿರುವ ದತ್ತಾಂಶದಲ್ಲಿ ಉಪ್ಪು ಬೆರೆಸುವ ಪ್ರೋಗ್ರಾಮನ್ನು ಸೊನ್ನೆ ಕೊಟ್ಟೇ ಓಡಿಸಿದಳು. ಎಷ್ಟು ಕೊಟ್ಟರೂ ಅದು ನಲವತ್ತು ನಿಮಿಷ ಓಡುತ್ತದೆ. ಹೊತ್ತು ನೋಡಿ ಯಾರೂ ಊಹಿಸಬಾರದೆಂದು ಹಾಗೆ ಮಾಡಿದ್ದರು.

ಕಳೆದ ಶುಕ್ರವಾರ ದತ್ತಾಂಶ ತೆರೆದಾಗ, ಗೆರೆಯ ಒಳಗೆ ಕೊಳೆಯ ಲೆಕ್ಕಕ್ಕೆ ಒಂದೋ ಎರಡೋ ಇರಬೇಕಾದ ಕಡೆ ಏಳು ಮಿಣುಕುಗಳಿದ್ದವು. ಕೋಣೆಯ ತುಂಬ ಚಪ್ಪಾಳೆ, ಶಿಳ್ಳೆ. ಉಪ್ಪಿರಬಹುದು ಎಂದು ಎಲ್ಲರಿಗೂ ಗೊತ್ತು. ಅಲ್ಲದಿದ್ದರೆ ಎನ್ನುವ ಆಸೆಗೇ ಆ ಚಪ್ಪಾಳೆ. ಅದರಲ್ಲಿ ಒಂದು ಹರಳು ಉಪ್ಪೂ ಇಲ್ಲ ಎನ್ನುವುದು ಇಡೀ ಭೂಮಿಯ ಮೇಲೆ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳಿಗೆ ಕುಣಿಯಬೇಕು ಅನ್ನಿಸಿತು, ಯಾರನ್ನಾದರೂ ತಬ್ಬಿಕೊಳ್ಳಬೇಕು ಅನ್ನಿಸಿತು. ಅವಳು ಎದ್ದು ಹೋಗಿ ತನ್ನ ಕಾಫಿ ಲೋಟ ತೊಳೆದಳು. ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದಳು.

"ನೋಡಮ್ಮ," ಯಜಮಾನರು ಮುಂದೆ ಬಾಗಿದರು, "ಗುರುವಾರ ತಪಾಸಣಾ ಸಮಿತಿ ಬರ್ತಿದೆ. ಐದು ವರ್ಷದ ಹಿಂದೆ ಏನಾಯ್ತು ಅಂತ ನಿನಗೆ ಗೊತ್ತಲ್ಲ."

ಗೊತ್ತಿಲ್ಲದೆ ಏನು? ಐದು ವರ್ಷದ ಹಿಂದೆ ಹೀಗೇ ಆರು ಮಿಣುಕು ಸಿಕ್ಕಿದ್ದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುವ ಹಾಗೆ ಯಜಮಾನರು ಲಕೋಟೆ ಒಡೆಯುವ ಮೊದಲೇ ಇದೇ ಸಮಿತಿಯ ಮುಂದೆ ಎದೆ ಉಬ್ಬಿಸಿದ್ದರು. ಒಡೆದರೆ ಆರೂ ಉಪ್ಪು. ಆಮೇಲೆ ಯಾವ ಸಮ್ಮೇಳನಕ್ಕೆ ಹೋದರೂ ಊಟದ ಮೇಜಿನಲ್ಲಿ ಯಾರಾದರೊಬ್ಬರು ಉಪ್ಪಿನ ಡಬ್ಬಿಯನ್ನು ಅವರ ಕಡೆ ಸರಿಸಿ ನಗುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಹಾವು ಕಚ್ಚಿಸಿಕೊಂಡವರಿಗೆ ಹಗ್ಗ ಕಂಡರೂ ಭಯ, ಅಷ್ಟೆ.

"ಉಪ್ಪಲ್ಲ ಅಂತಾದ್ರೆ ಗುರುವಾರ ಹೇಳ್ತೀನಿ. ಉಪ್ಪು ಅಂತಾದ್ರೆ ಬಾಯಿ ಮುಚ್ಕೊಂಡಿರ್ತೀನಿ. ನನಗೆ ಅಷ್ಟು ಗೊತ್ತಾದ್ರೆ ಸಾಕು. ನಮ್ಮಿಬ್ಬರ ಮಧ್ಯೆ ಇರುತ್ತೆ."

ಹೇಳಿದರೆ ಅವರು ಕುಣಿದಾಡುತ್ತಿದ್ದರು. ಪೆನ್ನಿನ ಡಬ್ಬಿ ಪಕ್ಕಕ್ಕೆ ಸರಿಯುತ್ತಿತ್ತು, ಸಹಿ ಬೀಳುತ್ತಿತ್ತು. ಅವಳಿಗೆ ಎಲ್ಲವೂ ಗೊತ್ತಿತ್ತು.

"ಹೇಳಲ್ಲ ಸರ್. ಕೇಳಬೇಡಿ."

ಸಂಜೆ ಮನೆಗೆ ಬಂದರೆ ಅಲ್ಲಿಯೂ ಅದೇ ಕಥೆ. ಮೂರನೆಯ ಮಹಡಿಯಲ್ಲಿ ಎರಡು ಕೋಣೆ. ಕೆಳಗೆ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿ, ಯಂತ್ರ ತಿರುಗಿದಾಗ ಅಡುಗೆಮನೆಯ ಚಮಚಗಳೆಲ್ಲ ಸಣ್ಣಗೆ ಕುಣಿಯುತ್ತಿದ್ದವು. ಅಮ್ಮ ಬಟಾಣಿ ಬಿಡಿಸುತ್ತಾ ಕೂತಿದ್ದಳು.

"ನಿಮ್ಮ ಯಜಮಾನರಿಗೆ ಹೇಳ್ಬೇಡ, ಬಿಡು. ನನಗೆ ಹೇಳು. ನಾನು ಯಾರಿಗೆ ಹೇಳ್ಲಿ? ಈ ನಲ್ಲಿಗಾ?"

"ಅಮ್ಮಾ!"

"ಅಲ್ಲ ಕಣೇ, ಸಹಿ ಬೀಳ್ದಿದ್ರೆ ಮತ್ತೆ ಗಂಟುಮೂಟೆ ಕಟ್ಟಬೇಕು. ಮೂರು ಊರು ಆಯ್ತು. ಹೇಳಿಬಿಟ್ರೆ ನಿನ್ನ ಗಂಟೇನು ಹೋಗುತ್ತೆ?"

"ನೀನು ಹೇಳಿದ್ಯಾ?" ಇನ್ನೊಂದ್ಸಲ ತಿರುಗಿ ನಿಂತಳು. "ನನ್ನ ಲೆಕ್ಕದ ಪ್ರಶ್ನೆಪತ್ರಿಕೆ ನಿನ್ನ ಕೈಯಲ್ಲೇ ಇತ್ತಲ್ಲ. ನೀನು ನನಗೆ ಹೇಳಿದ್ಯಾ?"

ಅಮ್ಮ ಇಪ್ಪತ್ತೆಂಟು ವರ್ಷ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವಳು. ಮಗಳು ಕೊನೆಯ ವರ್ಷದ ಶಾಲಾ ಪರೀಕ್ಷೆಗೆ ಕೂತಾಗ ಆ ಪತ್ರಿಕೆಯ ಕರಡನ್ನೂ ಅವಳೇ ತಿದ್ದಿದ್ದಳು. ಮನೆಯಲ್ಲಿ ಆ ವಿಷಯ ಯಾರೂ ಎತ್ತುತ್ತಿರಲಿಲ್ಲ. ಅಮ್ಮನ ಬೆರಳು ಬಟಾಣಿ ಸಿಪ್ಪೆಯ ಮೇಲೆಯೇ ನಿಂತಿತು.

"ಮೂರನೇ ಪ್ರಶ್ನೆ. ಅರ್ಧ ಅಂಕ ಅದಕ್ಕೇ ಇತ್ತು," ಅಂದಳು. "ನೀನು ಉಳಿದದ್ದೆಲ್ಲ ಓದ್ತಿದ್ದೆ, ಅದೊಂದು ಪಾಠ ಬಿಟ್ಟು. ನಿನ್ನ ಪಕ್ಕದಲ್ಲಿ ಹೀಗೇ ಕೂತಿದ್ದೆ. ನಾಲಿಗೆ ತುದಿಗೆ ಬಂದಿತ್ತು ಕಣೇ. ಕಚ್ಚಿಕೊಂಡೆ."

"ನೂರಕ್ಕೆ ನಲವತ್ತೊಂದು ಬಂತು ನನಗೆ."

"ಗೊತ್ತು. ನೀನು ಹಾಸಿಗೆ ಮೇಲೆ ಬಿದ್ದು ಅಳ್ತಿದ್ದೆ, ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳ್ತಿದ್ದೆ. ಮಾರನೇ ದಿನ ಕೆಲಸಕ್ಕೆ ಹೋದೆ." ಅಮ್ಮ ಬಟಾಣಿಯನ್ನು ಬಟ್ಟಲಿಗೆ ಉದುರಿಸಿದಳು. "ಹೇಳ್ಬೇಡ ಬಿಡು. ಕಟ್ಟೋದಾದ್ರೆ ಕಟ್ಟೋಣ."

ಮಾರನೆಯ ದಿನ, ಮಂಗಳವಾರ, ಕೇಡು ಬೇರೆ ದಿಕ್ಕಿನಿಂದ ಬಂತು. ಇನ್ನೊಂದ್ಸಲ ಸುರಂಗದಲ್ಲಿ ತೊಟ್ಟಿಯ ಪಂಪು ನೋಡಿಕೊಂಡು, ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ಬೂಟು ಕಳಚುತ್ತಿದ್ದಾಗ ಜರಡಿ ಬಂದ. ಜರಡಿ ಅವಳ ಜೊತೆಗಾರ, ಅವನೂ ಪೋಸ್ಟ್‌ಡಾಕ್. ದತ್ತಾಂಶ ಸೋಸಿ ಗೆರೆ ಎಳೆಯುವ ಕೆಲಸ ಅವನದು, ಹೆಸರೂ ಅದರಿಂದಲೇ ಬಂದದ್ದು. ಮುಖ ಹುಳ್ಳಗಾಗಿತ್ತು.

"ಯಜಮಾನರು ಗೆರೆಯನ್ನ ನಾಲ್ಕು ಸೆಂಟಿಮೀಟರಿನಿಂದ ಆರಕ್ಕೆ ತಳ್ಳು ಅಂತಿದ್ದಾರೆ. ತಳ್ಳಿದ್ರೆ ಏಳರಲ್ಲಿ ಆರು ಹೊರಗೆ ಬೀಳುತ್ತೆ."

"ಯಾಕಂತೆ?"

"ಎಲ್ಲಾ ಉಪ್ಪಂತೆ. ಉಪ್ಪು ಹೇಗೂ ಆಮೇಲೆ ಹೋಗೋದೇ, ಈಗಲೇ ಹೋದ್ರೆ ನಷ್ಟ ಏನು ಅಂತಾರೆ. ಗುರುವಾರ ಸಮಿತಿ ಮುಂದೆ ಚೊಕ್ಕವಾಗಿ ಕಾಣ್ಬೇಕಂತೆ."

"ಉಪ್ಪು ಅಂತ ಯಾರು ಹೇಳಿದ್ದು?"

"ನೀನೇ."

"ನಾನಾ?"

"ನಿನ್ನ ಮುಖ. ಶುಕ್ರವಾರ ಎಲ್ರೂ ಚಪ್ಪಾಳೆ ಹೊಡೀತಿದ್ರೆ ನೀನೊಬ್ಬಳು ಸಾವಿನ ಮನೆಯವರ ಹಾಗೆ ಲೋಟ ತೊಳೆಯೋಕೆ ಹೋದ್ಯಂತೆ. ನಿಜವಾಗಿದ್ರೆ ಮುಖ ಅರಳದೇ ಇರುತ್ತಾ ಅಂತಾರೆ. ಮೇಲಾಗಿ ನಿನ್ನ ಪ್ರೋಗ್ರಾಮ್ ನಲವತ್ತು ನಿಮಿಷ ಓಡಿದ್ದನ್ನೂ ತೆಗೆಸಿ ನೋಡಿದ್ದಾರೆ."

ಇಂಥ ತಪ್ಪು ಮಾಡಬೇಕಾದರೆ ಮೂವತ್ತು ವರ್ಷ ಭೌತಶಾಸ್ತ್ರ ಅರೆದು ಕುಡಿದಿರಬೇಕು. ಎದುರಿಗಿದ್ದ ಏಳು ಮಿಣುಕು ಬಿಟ್ಟು, ಒಬ್ಬ ಹೆಂಗಸಿನ ಮುಖವನ್ನು ದತ್ತಾಂಶ ಮಾಡಿಕೊಂಡು, ಎರಡು ಪುರಾವೆ ಕೂಡಿಸಿ, ಅಚ್ಚುಕಟ್ಟಾಗಿ ತಪ್ಪು ಉತ್ತರ ತೆಗೆದಿದ್ದರು.

ಒಂದು ಕಾಲಿನ ಬೂಟು ಕಳಚಿದ್ದ ಇನ್ನೊಂದ್ಸಲಳಿಗೆ ಇನ್ನೊಂದನ್ನು ಕಳಚಲು ಮರೆತೇ ಹೋಯಿತು. ಗಂಟಲಲ್ಲಿ ಬಿಸಿತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ. ಅವು ನಿಜವಾದ ಮಿಣುಕುಗಳು. ಒಂದೂವರೆ ವರ್ಷ ನಾನೂರು ಕಣ್ಣು ಕಾದು ಹಿಡಿದದ್ದನ್ನು ಕಸದ ಜೊತೆ ಗುಡಿಸಿ ಹಾಕಲು ಹೊರಟಿದ್ದಾರೆ, 'ಗುಡಿಸಬೇಡಿ, ನಿಜ' ಎಂದು ಅವಳು ಹೇಳುವಂತಿಲ್ಲ. ಸಿಟ್ಟು ನೆತ್ತಿಗೇರಿತು.

ಆದರೆ ಚಾಳಿ ಬಿಡುತ್ತದೆಯೇ? ತನ್ನ ಸಿಟ್ಟನ್ನೇ ಅವಳು ಇನ್ನೊಂದು ಸಲ ನೋಡಿಕೊಂಡಳು. ದಾಳ ಸೊನ್ನೆಯ ಬದಲು ಏಳಕ್ಕೆ ಬಿದ್ದಿದ್ದರೆ, ಇವೆಲ್ಲ ನಿಜವಾಗಿಯೂ ಉಪ್ಪೇ ಆಗಿದ್ದರೆ, ಆಗಲೂ ಮೇಲೆ ಹೋಗಿ ಜಗಳ ಆಡುತ್ತಿದ್ದೆನೆ? ಇಲ್ಲ ಎಂದಾದರೆ ಈ ಜಗಳವೇ ಗುಟ್ಟು ಬಿಟ್ಟುಕೊಟ್ಟ ಹಾಗೆ. ಬಾಯಿ ಮುಚ್ಚಿಕೊಂಡು ಕೂರಬೇಕು. ಬೆಂಚಿನ ಮೇಲೆ ಕೂತು ಪ್ರಾಮಾಣಿಕವಾಗಿ ಯೋಚಿಸಿದಳು. ಆಡುತ್ತಿದ್ದೆ, ಇನ್ನೂ ಜೋರಾಗಿ ಆಡುತ್ತಿದ್ದೆ. ನಿಜದ ಹಾಗೆಯೇ ಕಾಣುವ ಉಪ್ಪನ್ನು ಎಸೆಯುವ ಗೆರೆ ನಾಳೆ ನಿಜವನ್ನೂ ಎಸೆಯುತ್ತದೆ. ಅದನ್ನು ಹಿಡಿಯುವುದಕ್ಕೇ ತಾನೆ ಉಪ್ಪು ಹಾಕುವುದು?

"ಬಾ," ಎಂದು ಎದ್ದಳು.

"ಇನ್ನೊಂದು ಬೂಟು," ಅಂದ ಜರಡಿ.

ಮಧ್ಯಾಹ್ನದ ಸಭೆಯಲ್ಲಿ ಉದ್ದನೆಯ ಮೇಜಿನ ಸುತ್ತ ಇಡೀ ಗುಂಪು ಸೇರಿತ್ತು. ಯಜಮಾನರು ಹೊಸ ಗೆರೆಯ ವಿಷಯವನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಮುಗಿಸಿದರು. ಇನ್ನೊಂದ್ಸಲ ಎದ್ದು ನಿಂತು ನಿಯಮಗಳ ಪುಸ್ತಿಕೆ ತೆರೆದಳು.

"ನಿಯಮ ನಾಲ್ಕು. ದತ್ತಾಂಶ ತೆರೆದ ಮೇಲೆ ಗೆರೆ ಬದಲಿಸಬೇಕಾದರೆ ಕಾರಣ ಬರೆದುಕೊಡಬೇಕು. ಸಿಕ್ಕಿರುವ ಮಿಣುಕುಗಳು ಆ ಕಾರಣವಾಗಬಾರದು. ಇದಕ್ಕೆ ತಪ್ಪಿದರೆ ಉಪ್ಪು ಕಾಯುವವರು ಲಕೋಟೆ ಕೊಡತಕ್ಕದ್ದಲ್ಲ."

ಈ ನಿಯಮ ಬರೆದದ್ದು ಯಜಮಾನರೇ. ಐದು ವರ್ಷದ ಹಿಂದೆ, ಅವಮಾನದ ಬಿಸಿಯಲ್ಲಿ. ಅವರ ಕಿವಿ ಕೆಂಪಾಯಿತು.

"ಇದು ನಿನ್ನ ಉಪ್ಪಿನ ಮೇಲಿನ ಮೋಹ ಕಣಮ್ಮ. ನೀನು ಹಾಕಿದ್ದನ್ನ ಎಲ್ರೂ ನೋಡ್ಲಿ ಅಂತ."

"ಉಪ್ಪಾದ್ರೂ ಇದೇ ಮಾತು, ಅಲ್ಲದಿದ್ರೂ ಇದೇ ಮಾತು. ಕಾರಣ ಬರೆದುಕೊಡಿ ಸರ್."

"ನಾನು ಈ ಗುಂಪಿನ ಮುಖ್ಯಸ್ಥ."

"ಹೌದು. ಮುಖ್ಯಸ್ಥರೂ ಸಹಿ ಹಾಕಬೇಕು ಅಂತ ನಿಯಮ ಐದರಲ್ಲಿದೆ."

ಯಾರೋ ನಗು ತಡೆಯಲು ಕೆಮ್ಮಿದರು. ಯಜಮಾನರು ದನಿ ತಗ್ಗಿಸಿದರು. "ತಿಂಗಳ ಕೊನೆಗೆ ಆ ಬೀರುವಿನ ಬೀಗದ ಕೈ ಯಾರ ಹತ್ರ ಇರುತ್ತೆ ಅಂತ ಯೋಚಿಸಿದ್ಯಾ?"

ಇದು ಎಲ್ಲರಿಗೂ ಅರ್ಥವಾಗುವ ಮಾತು. ಅಲ್ಲಿದ್ದವರಲ್ಲಿ ಅರ್ಧ ಜನ ಗುತ್ತಿಗೆಯವರೇ. ಅವಳು ಪುಸ್ತಿಕೆ ಮುಚ್ಚಿ ಮೇಜಿನ ಮೇಲಿಟ್ಟಳು.

"ಇನ್ನೂ ಹತ್ತು ದಿನ ನನ್ನ ಹತ್ರ ಇರುತ್ತೆ ಸರ್."

ಯಜಮಾನರು ಜರಡಿಯ ಕಡೆ ತಿರುಗಿದರು. "ಗೆರೆ ಎಳೆಯೋನು ನೀನು. ನೀನೇ ಬರಿ ಕಾರಣ."

ಜರಡಿ ಒಂದು ಹಾಳೆ ಎಳೆದುಕೊಂಡ. ಪೆನ್ನು ಕಚ್ಚಿದ. ಚಾವಣಿ ನೋಡಿದ. ಕೊನೆಗೊಂದು ಪದ ಬರೆದು, ಎದ್ದು ನಿಂತು ಓದಿದ. "ಕಾರಣ: ಗುರುವಾರ." ಹಾಳೆ 'ಫಟ್' ಎಂದು ಮೇಜಿನ ಮೇಲಿಟ್ಟ. "ಇದು ಬಿಟ್ಟು ಬೇರೆ ಏನೂ ತೋಚ್ತಿಲ್ಲ ಸರ್."

ಈ ಸಲ ಯಾರೂ ಕೆಮ್ಮಲಿಲ್ಲ, ಬಾಯಿ ಬಿಟ್ಟೇ ನಕ್ಕರು. ಆ ನಗುವಿನಲ್ಲೇ ಇನ್ನೊಂದ್ಸಲ ಮಾತು ಮುಗಿಸಿದಳು. "ಎರಡೇ ಪರೀಕ್ಷೆ ಬಾಕಿ ಇರೋದು. ಹಳೇ ಗೆರೆಯಲ್ಲೇ ಮುಗಿಸಿ, ಎಲ್ರೂ ಸಹಿ ಹಾಕಿ. ನಾಳೆನೇ ಲಕೋಟೆ ತೆಗೆಯೋಣ. ಗುರುವಾರಕ್ಕೆ ನಿಮ್ಮ ಕೈಯಲ್ಲಿ ಉತ್ತರ ಇರುತ್ತೆ, ಅದು ಏನೇ ಆಗಿರ್ಲಿ."

ಯಜಮಾನರು ಮನಸ್ಸಿನಲ್ಲೇ ಗುಣಾಕಾರ ಭಾಗಾಕಾರ ಹಾಕಿದರು. ಸಮಿತಿ ಬರುವ ಮೊದಲೇ ಉಪ್ಪು ಹೊರಗೆ ಬಿದ್ದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. "ಆಗ್ಲಿ," ಅಂದರು. "ನಾಳೆ ಎಲ್ಲರ ಮುಂದೆ ನಿನ್ನ ಉಪ್ಪನ್ನ ನೀನೇ ಬಾಚ್ಕೊ." ಸಭೆ ಮುಗಿದ ಮೇಲೆ ಅವರ ಕೋಣೆಯ ಮುಂದೆ ಹಾದು ಹೋಗುವಾಗ ಅವಳಿಗೆ ಕಂಡಿತು: ಪೆನ್ನಿನ ಡಬ್ಬಿಯ ಕೆಳಗಿನ ಕಾಗದ ತೆಗೆದು ಡ್ರಾಯರಿಗೆ ಹಾಕಿ, ಜೋರಾಗಿ ಮುಚ್ಚಿದರು.

ಬುಧವಾರ ಮೂರು ಗಂಟೆಗೆ ಇಪ್ಪತ್ತೆರಡು ಸಹಿಗಳಾಗಿದ್ದವು. ಇಪ್ಪತ್ತಮೂರನೆಯದನ್ನು ಯಜಮಾನರು ನಿಂತುಕೊಂಡೇ ಗೀಚಿದರು. ಇನ್ನೊಂದ್ಸಲ ಬೀರು ತೆಗೆದು ಲಕೋಟೆಯನ್ನು ಅವರ ಕೈಗೇ ಕೊಟ್ಟಳು. ಒಡೆಯುವ ಹಕ್ಕು ಮುಖ್ಯಸ್ಥರದ್ದು. ಅವರು ಹರಿದರು, ಕನ್ನಡಕ ಏರಿಸಿದರು, ಓದಿದರು. ಚೀಟಿಯ ಹಿಂಬದಿ ನೋಡಿದರು. ಲಕೋಟೆಯೊಳಗೆ ಬೆರಳು ಹಾಕಿ ತಡಕಿದರು.

"ಇದೇನಿದು?"

"ಸೊನ್ನೆ ಸರ್."

ಜರಡಿ ಕುರ್ಚಿ ಇದ್ದರೂ ನೆಲದ ಮೇಲೆ ಕೂತುಬಿಟ್ಟ.

"ಒಂದೂ ಇಲ್ವಾ?"

"ಒಂದೂ ಇಲ್ಲ."

"ಶುಕ್ರವಾರ ಲೋಟ ತೊಳೀವಾಗ ನಿನಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು."

ಯಜಮಾನರು ನಿಧಾನವಾಗಿ ಕೂತರು. ನಿನ್ನೆ ತಾವು ಏನನ್ನು ಗುಡಿಸಲು ಹೊರಟಿದ್ದೆವು ಎನ್ನುವುದು ಆಗಷ್ಟೇ ಅವರ ಮುಖದ ಮೇಲೆ ಇಳಿಯುತ್ತಿತ್ತು. "ನಾನು ಗೆರೆ ತಳ್ಳೇಬಿಟ್ಟಿದ್ರೂ ಹೇಳ್ತಿರ್ಲಿಲ್ವಾ?"

"ತಳ್ಳೋಕೆ ಬಿಡ್ತಿರ್ಲಿಲ್ಲ ಸರ್. ಹೇಳ್ತಾನೂ ಇರ್ಲಿಲ್ಲ."

ಆಮೇಲೆ ಕೋಣೆ ಒಡೆದುಹೋಗುವಷ್ಟು ಗದ್ದಲ. ಯಾರೋ ಮೇಜು ಬಡಿದರು, ಯಾರೋ ಅತ್ತರು. ಯಜಮಾನರು ಎದ್ದು ಓಡಿದವರು ಡ್ರಾಯರಿನ ಕಾಗದ ಹಿಡಿದುಕೊಂಡೇ ವಾಪಸು ಬಂದರು. ಕಣ್ಣಲ್ಲಿ ನೀರಿತ್ತು, ಐದು ವರ್ಷದ ಉಪ್ಪಿನ ಡಬ್ಬಿಗಳೆಲ್ಲ ಅದರಲ್ಲಿ ಕರಗುತ್ತಿದ್ದವು.

"ಪೆನ್ನು ಕೊಡಿ ಯಾರಾದ್ರೂ! ಎರಡಲ್ಲ, ಮೂರು ವರ್ಷಕ್ಕೆ ಹಾಕ್ತೀನಿ. ನಾಳೆ ಸಮಿತಿ ಮುಂದೆ ನೀನು ನನ್ನ ಪಕ್ಕದಲ್ಲಿ ನಿಂತ್ಕೋಬೇಕು. ಕಾಣದ ಕಣ ಕಂಡ್ವಿ ಅಂತ ನಿನ್ನ ಬಾಯಲ್ಲೇ ಹೇಳ್ಬೇಕು."

ಅವಳಿಗೆ ಆ ಕಾಗದ ಬೇಕಿತ್ತು. ಬೇಡ ಎಂದರೆ ಸುಳ್ಳಾಗುತ್ತದೆ. ಕುಣಿಯುವ ಚಮಚಗಳು, ಅಮ್ಮನ ಬಟಾಣಿ ಬಟ್ಟಲು, ನಾಲ್ಕನೆಯ ಊರಿನ ಗುರುತಿಲ್ಲದ ಬೀದಿ, ಎಲ್ಲವೂ ಕಣ್ಣ ಮುಂದೆ ಬಂದವು.

"ಹೇಳಲ್ಲ ಸರ್," ಅಂದಳು.

ಗದ್ದಲ ನಿಂತಿತು.

"ಉಪ್ಪಲ್ಲ ಅನ್ನೋದಷ್ಟೇ ನನಗೆ ಗೊತ್ತಿದ್ದದ್ದು. ಕಾಣದ ಕಣ ಅಂತ ಯಾರು ಹೇಳಿದ್ದು? ಏಳರಲ್ಲಿ ಆರು ಗೋಡೆ ಪಕ್ಕದಲ್ಲೇ ಇವೆ. ಕೊಳೆ ಆಗಿರಬಹುದು. ನನಗಂತೂ ಅನುಮಾನ ಇದೆ."

"ನಿನ್ನೆ ಅವುಗಳ ಪರವಾಗಿ ನನ್ನ ಮೇಲೆ ಜಗಳಕ್ಕೆ ಬಂದಿದ್ದು ನೀನೇ ಅಲ್ವಾ!"

"ಅವುಗಳ ಪರ ಅಲ್ಲ ಸರ್, ಗೆರೆ ಪರ. ಗೆರೆ ಅಲ್ಲೇ ಇರ್ಲಿ, ಏಳೂ ಅಲ್ಲೇ ಇರ್ಲಿ. ಏಳು ಸಿಕ್ಕಿವೆ, ಏನು ಅಂತ ಇನ್ನೂ ಗೊತ್ತಿಲ್ಲ ಅಂತ ಹೇಳೋದಾದ್ರೆ ನಾಳೆ ನಿಮ್ಮ ಪಕ್ಕದಲ್ಲಿ ನಿಂತ್ಕೋತೀನಿ."

ಯಜಮಾನರ ಪೆನ್ನು ಕಾಗದದ ಮೇಲೆ ಬೆರಳಷ್ಟು ಎತ್ತರದಲ್ಲಿ ನಿಂತಿತ್ತು. "ಹಾಗಾದ್ರೆ ಈ ಸಹಿ?"

"ಹಾಕೋದು ಬಿಡೋದು ನಿಮ್ಮಿಷ್ಟ. ಇನ್ನು ಒಂಬತ್ತು ದಿನ ಇದೆ. ದಿನಕ್ಕೊಂದು ಮಿಣುಕು ನೋಡಿದ್ರೂ ಗಂಟುಮೂಟೆ ಕಟ್ಟೋಕೆ ಎರಡು ದಿನ ಉಳಿಯುತ್ತೆ."

ಕೊರಳಿನ ದಾರದಿಂದ ಬೀರುವಿನ ಬೀಗದ ಕೈ ಬಿಚ್ಚಿ ಅವರ ಮುಂದೆ ಇಟ್ಟಳು. ಉಪ್ಪು ಕಾಯುವ ಕೆಲಸ ಮುಗಿದಿತ್ತು. ಒಂದೂವರೆ ವರ್ಷದ ಮೇಲೆ ಇನ್ನು ಅವಳೂ ಲೆಕ್ಕಕ್ಕೆ ಕೈ ಹಾಕಬಹುದಿತ್ತು. ಪರದೆಯ ಮುಂದಿನ ಕುರ್ಚಿ ಎಳೆದುಕೊಂಡು ಕೂತಳು, ತೋಳು ಮಡಿಸಿದಳು.

"ಏಳು," ಅಂದಳು ನೆಲದ ಮೇಲಿದ್ದ ಜರಡಿಗೆ. "ಗೋಡೆಗೆ ಎಲ್ಲಕ್ಕಿಂತ ಹತ್ತಿರ ಇರೋದನ್ನ ತೆಗಿ. ಇನ್ನೊಂದ್ಸಲ ನೋಡೋಣ."